ಹೊಟ್ಟೆ ಬಿಗಿಯುತ್ತಿದೆ: ಸುಳ್ಳು ಬೇನೆಯೋ, ಹೆರಿಗೆಯ ಬೇನೆಯೋ?

ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೊಟ್ಟೆ ಆಗಾಗ ಕಲ್ಲಿನಂತಾಗಿ ಮತ್ತೆ ಮೆತ್ತಗಾಗುತ್ತದೆ. ಇದೂ, ಮುಂದೆ ಒಂದು ದಿನ ಬರುವ ಹೆರಿಗೆಯ ಬೇನೆಯೂ ಒಂದೇ ಸ್ನಾಯುವಿನ ಕೆಲಸ. ಗೊಂದಲಕ್ಕೆ ಮೂಲವೇ ಇದು. ಮೊದಲನೆಯದನ್ನು ಸುಳ್ಳು ಬೇನೆ, ಸುಳ್ಳು ನೋವು ಎಂದು ಕರೆಯುವ ರೂಢಿಯುಂಟು. ಆ ಹೆಸರು ಬಸುರಿಗೆ ಸ್ವಲ್ಪ ಅನ್ಯಾಯ ಮಾಡುತ್ತದೆ. ಹೊಟ್ಟೆ ನಿಜವಾಗಿಯೇ ಬಿಗಿಯುತ್ತದೆ, ಕೆಲವರಿಗೆ ನೋವೂ ಆಗುತ್ತದೆ. "ಸುಳ್ಳು ನೋವು ಬಿಡು" ಎಂದು ಮನೆಯವರು ಹಗುರವಾಗಿ ಅಂದಾಗ, ತನಗೇ ತಾಳ್ಮೆಯಿಲ್ಲವೇನೋ ಎಂದು ಅವಳು ಸುಮ್ಮನಾಗುತ್ತಾಳೆ. ಹಾಗೆ ಸುಮ್ಮನಾಗಬಾರದು. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ ಬ್ರಾಕ್ಸ್‌ಟನ್ ಹಿಕ್ಸ್ ಎಂದು ಹೆಸರು. 1872ರಲ್ಲಿ ಇದನ್ನು ವಿವರಿಸಿ ಬರೆದ ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಅವರಿಂದ ಬಂದ ಹೆಸರು ಅದು.

ಒಂದು ಸಲದ ಬಿಗಿತ ಎಷ್ಟು ಜೋರಾಗಿತ್ತು ಎನ್ನುವುದರಿಂದ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ. ನೋಡಬೇಕಾದ್ದು ಎರಡು: ಇದು ಎಷ್ಟನೇ ವಾರ, ಮತ್ತು ಒಂದು ಗಂಟೆಯಲ್ಲಿ ಬಿಗಿತ ಯಾವ ಲಯದಲ್ಲಿ ಬಂತು. ಮನೆಯಲ್ಲಿ ಕೂತು ಸುಧಾರಿಸಿಕೊಳ್ಳುವುದೋ ಗಾಡಿ ಕರೆಯುವುದೋ ಎನ್ನುವುದು ಈ ಎರಡರ ಮೇಲೆ ನಿಂತಿದೆ.

ಒಳಗೆ ಆಗುವುದೇನು

ಗರ್ಭಕೋಶವೆಂದರೆ ದಪ್ಪ ಸ್ನಾಯುವಿನ ಚೀಲ. ಬಸಿರಿನ ಬಹುಪಾಲು ಕಾಲ ಅದರ ಸ್ನಾಯುಕೋಶಗಳು ತಮ್ಮ ತಮ್ಮ ಪಾಡಿಗೆ ಇರುತ್ತವೆ. ಒಂದು ಕಡೆಯ ಕೋಶಗಳು ಬಿಗಿದರೆ ಇನ್ನೊಂದು ಕಡೆಗೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಕಡಲತೀರದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಹಗ್ಗ ಹಿಡಿದವರು ಒಬ್ಬೊಬ್ಬರೂ ತಮಗೆ ತೋಚಿದಾಗ ಎಳೆದರೆ ಹಗ್ಗ ಬಿಗಿಯುತ್ತದೆ, ಬಲೆ ಜರುಗುವುದಿಲ್ಲ. ಎಲ್ಲರೂ ಒಂದೇ ಉಸಿರಿಗೆ ಎಳೆದಾಗ ಬಲೆ ದಡಕ್ಕೆ ಬರುತ್ತದೆ. ದಿನ ತುಂಬುತ್ತಾ ಬಂದ ಹಾಗೆ ಗರ್ಭಕೋಶದ ಕೋಶಗಳ ನಡುವೆ ಹೊಸ ಸಂಪರ್ಕದ ದ್ವಾರಗಳು ತೆರೆದುಕೊಳ್ಳುತ್ತವೆ, ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಗುರುತಿಸುವ ಶಕ್ತಿ ಹೆಚ್ಚುತ್ತದೆ. ಆಗ ಬಿಗಿತವು ಮೇಲಿನಿಂದ ಕೆಳಕ್ಕೆ ಒಂದೇ ಅಲೆಯಾಗಿ ಇಳಿದು ಗರ್ಭಕೋಶದ ಬಾಯಿಯನ್ನು ಎಳೆದು ತೆರೆಯುತ್ತದೆ. ಅದು ಹೆರಿಗೆ. ಅಲ್ಲಿಯವರೆಗಿನದು ಹಗ್ಗ ಬಿಗಿದು ಬಿಟ್ಟಂತೆ, ಬಾಯಿ ತೆರೆಯುವುದಿಲ್ಲ.

ಇಂಥ ಬಿಗಿತ ನಾಲ್ಕೈದನೇ ತಿಂಗಳಿನಿಂದಲೇ ಇರಬಹುದು. ಹೆಚ್ಚಿನವರ ಗಮನಕ್ಕೆ ಬರುವುದು ಏಳನೇ ತಿಂಗಳ ನಂತರ. ಎರಡನೇ ಮೂರನೇ ಬಸಿರಿನವರಿಗೆ ಬೇಗ ಗೊತ್ತಾಗುತ್ತದೆ. ಕೆಲವರಿಗೆ ಕೊನೆಯವರೆಗೂ ಗೊತ್ತಾಗುವುದೇ ಇಲ್ಲ, ಅದರಲ್ಲೂ ತೊಂದರೆಯೇನಿಲ್ಲ. ಒಂದು ಸಲ ಬಂದರೆ 30 ಸೆಕೆಂಡಿಗಿಂತ ಕಡಿಮೆಯಿಂದ ಹಿಡಿದು 2 ನಿಮಿಷದವರೆಗೆ ಇರಬಹುದು.

ಬಿಗಿತವನ್ನು ಕೈಯಿಂದ ಗುರುತಿಸುವ ಒಂದು ವಿಧಾನವನ್ನು ನರ್ಸ್‌ಗಳಿಗೆ ಕಲಿಸುತ್ತಾರೆ, ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಹೊಕ್ಕುಳಿಗಿಂತ ಮೇಲೆ, ಗರ್ಭಕೋಶದ ಮೇಲ್ತುದಿ ಸಿಗುವಲ್ಲಿ, ಬೆರಳುಗಳ ಒಳಭಾಗವನ್ನು ಹಗುರವಾಗಿ ಇಡಬೇಕು. ಒತ್ತಬಾರದು. ಸಡಿಲವಾಗಿರುವಾಗ ಹೊಟ್ಟೆ ಕೆನ್ನೆ ಮುಟ್ಟಿದಂತಿರುತ್ತದೆ. ಸಣ್ಣ ಬಿಗಿತದಲ್ಲಿ ಮೂಗಿನ ತುದಿಯಷ್ಟು ಗಟ್ಟಿ, ಮಧ್ಯಮದಲ್ಲಿ ಗಲ್ಲದಷ್ಟು, ಜೋರಾದ ಬೇನೆಯಲ್ಲಿ ಹಣೆಯಷ್ಟು. ಇಡೀ ಹೊಟ್ಟೆ ಒಟ್ಟಿಗೆ ಗಟ್ಟಿಯಾದರೆ ಅದು ಗರ್ಭಕೋಶ ಬಿಗಿದದ್ದು. ಒಂದೇ ಪಕ್ಕ ಉಬ್ಬಿ ಇನ್ನೊಂದು ಪಕ್ಕ ಮೆತ್ತಗೇ ಇದ್ದರೆ ಹೆಚ್ಚಾಗಿ ಮಗು ಬೆನ್ನನ್ನೋ ಕಾಲನ್ನೋ ಆ ಕಡೆ ಚಾಚಿಕೊಂಡಿರುತ್ತದೆ.

ನಮ್ಮ ಸೆಖೆ, ನಮ್ಮ ಕೆಲಸ

ಸುಳ್ಳು ಬೇನೆ ಕೆರಳಲು ಮುಖ್ಯ ಕಾರಣಗಳಲ್ಲಿ ಒಂದು ಮೈಯಲ್ಲಿ ನೀರು ಕಡಿಮೆಯಾಗುವುದು. ಕರಾವಳಿಯಲ್ಲಿ ಇದನ್ನು ಹೆಚ್ಚು ಗಮನಿಸಬೇಕು. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಮಂಗಳೂರು, ಉಡುಪಿಯ ಸೆಖೆಯಲ್ಲಿ ಬೆವರು ಇಳಿಯುತ್ತಲೇ ಇರುತ್ತದೆ, ಗಾಳಿಯಲ್ಲೇ ತೇವ ಇರುವುದರಿಂದ ಆರುವುದಿಲ್ಲ. ಮೈ ಸದಾ ಒದ್ದೆಯಿರುವಾಗ ಒಳಗೆ ನೀರು ಕಡಿಮೆಯಾಗಿದೆ ಎಂದು ತೋಚುವುದೇ ಇಲ್ಲ. ಬಾಯಾರಿಕೆಗಿಂತ ಮೂತ್ರದ ಬಣ್ಣ ನಂಬಲರ್ಹ. ತಿಳಿ ಹುಲ್ಲಿನ ಬಣ್ಣವಿದ್ದರೆ ಸಾಕಷ್ಟು ನೀರಿದೆ. ಗಾಢ ಹಳದಿಯಾದರೆ ಕುಡಿದದ್ದು ಸಾಲದು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಬಿ ವಿಟಮಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಮೂತ್ರವೂ ಹಳದಿಯಾಗಬಹುದು, ಅದು ಬೇರೆ.

ಸೆಖೆಗಾಲದಲ್ಲಿ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ದ್ರವ ಒಳಗೆ ಹೋಗಬೇಕು. ನೀರೇ ಆಗಬೇಕೆಂದಿಲ್ಲ. ಕುಚ್ಚಲಕ್ಕಿ ಗಂಜಿಯ ತಿಳಿ, ನೀರು ಮಜ್ಜಿಗೆ, ಬೊಂಡ (ಎಳನೀರು), ಬಾರ್ಲಿ ನೀರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪುನರ್ಪುಳಿ ಶರಬತ್ತು ಕುಡಿಯಬಹುದು, ಸಕ್ಕರೆ ಕಡಿಮೆ ಇರಲಿ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದವರು ಅದನ್ನು ಬಿಟ್ಟು ಮಜ್ಜಿಗೆ, ಬಾರ್ಲಿಯನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು, ಬೊಂಡದ ಪ್ರಮಾಣವನ್ನೂ ಡಾಕ್ಟರಲ್ಲಿ ಕೇಳಿಕೊಳ್ಳಬೇಕು. ರಕ್ತದೊತ್ತಡ ಹೆಚ್ಚಿರುವವರು, ಹೃದಯದ ಅಥವಾ ಕಿಡ್ನಿಯ ತೊಂದರೆ ಇರುವವರು ಈ ಮೂರು ಲೀಟರ್ ಲೆಕ್ಕ ಹಿಡಿಯಬಾರದು. ಅವರಿಗೆ ಎಷ್ಟೆಂದು ಡಾಕ್ಟರೇ ಹೇಳಬೇಕು. ಚಹಾ ಕಾಫಿ ಎರಡು ಕಪ್ಪಿಗೆ ನಿಲ್ಲಿಸಿ.

ಎರಡನೆಯ ಕಾರಣ ತುಂಬಿದ ಮೂತ್ರಕೋಶ. ಅದು ಗರ್ಭಕೋಶದ ಎದುರಿಗೇ ಅಂಟಿಕೊಂಡಂತೆ ಇದೆ. ತುಂಬಿ ಒತ್ತಿದರೆ ಗರ್ಭಕೋಶ ಬಿಗಿಯುತ್ತದೆ. ಬೀಡಿ ಕಟ್ಟುವ ಹೆಂಗಸರಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಬೆನ್ನು ಬಾಗಿಸಿ, ಕಾಲು ಮಡಚಿ ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ. ಲೆಕ್ಕ ಮುಗಿಯಲಿ ಎಂದು ಮೂತ್ರ ತಡೆಯುತ್ತಾರೆ, ಪದೇಪದೇ ಏಳಬೇಕಾಗುತ್ತದೆಂದು ನೀರನ್ನೂ ಕುಡಿಯುವುದಿಲ್ಲ. ಸಂಜೆ ತಡ್ಪೆ ಬದಿಗಿಟ್ಟು ಎದ್ದ ಕೂಡಲೇ ಹೊಟ್ಟೆ ಬಿಗಿಯುತ್ತದೆ, ಸೊಂಟ ಹಿಡಿಯುತ್ತದೆ. ಗಂಟೆಗೊಮ್ಮೆ ಏಳುವುದು, ಮೂತ್ರಕ್ಕೆ ಹೋಗಿ ಬಂದು ಒಂದು ಲೋಟ ನೀರು ಕುಡಿಯುವುದು, ಐದು ನಿಮಿಷ ಅಂಗಳದಲ್ಲಿ ನಡೆಯುವುದು, ಇಷ್ಟರಿಂದಲೇ ಸಂಜೆಯ ಬಿಗಿತ ಎಷ್ಟೋ ಇಳಿಯುತ್ತದೆ. ಬಸಿರಿನಲ್ಲಿ ಬೀಡಿ ಕೆಲಸವನ್ನೇ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಬಿಡಲಾಗದವರು ಕೊನೆಯ ಮೂರು ತಿಂಗಳಾದರೂ ಹೊಗೆಸೊಪ್ಪು ಮುಟ್ಟದ ಕೆಲಸವನ್ನು ಮನೆಯ ಬೇರೆಯವರಿಂದ ಬದಲಿಸಿಕೊಳ್ಳುವ ದಾರಿ ನೋಡಬೇಕು. ಗೇರುಬೀಜದ ಕಾರ್ಖಾನೆಯಲ್ಲಿ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರಿಗೂ ಇದೇ ಗಂಟೆಗೊಮ್ಮೆಯ ನಿಯಮ, ನಡಿಗೆಯ ಬದಲು ಕೂತು ಕಾಲು ಎತ್ತರದಲ್ಲಿ ಇಟ್ಟುಕೊಳ್ಳುವುದು.

ಸೀಮಂತದ ದಿನ, ತುಳುವರ ಮನೆಯ ಬಯಕೆಯ ದಿನ ಹೊಟ್ಟೆ ಬಿಗಿಯುವುದು ಸಾಮಾನ್ಯ. ಬೆಳಗಿನಿಂದ ರೇಷ್ಮೆ ಸೀರೆ, ಮಣೆಯ ಮೇಲೆ ಕೂರುವುದು, ಬಂದವರಿಗೆಲ್ಲ ಎದ್ದು ನಿಲ್ಲುವುದು, ಶಾಸ್ತ್ರದ ನಡುವೆ ಬಚ್ಚಲಿಗೆ ಹೋಗಲು ಸಂಕೋಚ, ಕೊನೆಗೆ ಹೊಟ್ಟೆ ಬಿರಿಯುವ ಊಟ. ನಡುನಡುವೆ ಅವಳನ್ನು ಎಬ್ಬಿಸಿ ಒಳಗೆ ಕರೆದೊಯ್ಯುವ ಜವಾಬ್ದಾರಿಯನ್ನು ಮನೆಯ ಒಬ್ಬರು ಹೊತ್ತರೆ ಸಾಕು. ಉಪವಾಸದ ವಿಷಯವೂ ಹಾಗೆಯೇ. ಏಕಾದಶಿಗೆ ನೀರೂ ಬಿಡುವವರು, ರಂಜಾನ್‌ನ ಉಪವಾಸ ಹಿಡಿಯುವವರು ಕೊನೆಯ ತಿಂಗಳುಗಳಲ್ಲಿ ಮೊದಲು ಡಾಕ್ಟರ ಜೊತೆ ಮಾತಾಡಬೇಕು. ಬಿಗಿತ ಶುರುವಾದ ದಿನ ಉಪವಾಸ ಮುರಿದು ನೀರು ಕುಡಿಯಬೇಕು.

ಇನ್ನುಳಿದ ಕಾರಣಗಳು: ಮಗು ಜೋರಾಗಿ ಹೊರಳುವುದು, ಮೆಟ್ಟಿಲು ಹತ್ತುವುದು, ಬಾವಿಯಿಂದ ನೀರು ಸೇದುವುದು, ಗುಂಡಿ ಬಿದ್ದ ರಸ್ತೆಯಲ್ಲಿ ರಿಕ್ಷಾ ಪ್ರಯಾಣ, ಗಂಡ ಹೆಂಡತಿಯ ಸಂಪರ್ಕ. ಸಂಪರ್ಕದ ನಂತರ ಸ್ವಲ್ಪ ಹೊತ್ತು ಬಿಗಿದು ಬಿಡುವುದು ಸಹಜ. ಮಾಸು (ಪ್ಲಾಸೆಂಟಾ) ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರಿಗೆ, ರಕ್ತ ಕಂಡವರಿಗೆ, ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವಿದೆ ಎಂದು ಡಾಕ್ಟರು ಹೇಳಿದವರಿಗೆ ಮಾತ್ರ ಅದು ಬೇಡ.

ಮೂತ್ರದ ಸೋಂಕನ್ನು ಬೇರೆಯಾಗಿಯೇ ಹೇಳಬೇಕು. ಬಸಿರಿನಲ್ಲಿ ಉರಿ ಇಲ್ಲದೆಯೂ ಸೋಂಕು ಇರಬಹುದು. ಅದು ಗರ್ಭಕೋಶವನ್ನು ಕೆರಳಿಸುತ್ತದೆ, ಚಿಕಿತ್ಸೆಯಿಲ್ಲದೆ ಬಿಟ್ಟರೆ ನಿಜವಾದ ಬೇನೆಯನ್ನು ಅವಧಿಗೆ ಮೊದಲೇ ತರಬಲ್ಲದು. ದಿನಗಟ್ಟಲೆ ಬಿಗಿತ ಕಾಡುತ್ತಿದ್ದರೆ, ಎಷ್ಟು ನೀರು ಕುಡಿದರೂ ಇಳಿಯದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಬಾರ್ಲಿ ನೀರು ಸೋಂಕಿಗೆ ಮದ್ದಲ್ಲ.

ಒಂದು ಗಂಟೆಯ ಪರೀಕ್ಷೆ

37 ವಾರ ತುಂಬಿದೆ, ರಕ್ತವಾಗಲಿ ನೀರಾಗಲಿ ಹೋಗಿಲ್ಲ, ಮಗು ಎಂದಿನಂತೆ ಆಡುತ್ತಿದೆ. ಹೀಗಿರುವಾಗ ಹೊಟ್ಟೆ ಬಿಗಿಯಲು ಶುರುವಾದರೆ ಗಾಬರಿಯಿಲ್ಲದೆ ಹೀಗೆ ಮಾಡಿ.

ಮೊದಲು ಮೂತ್ರ ಮಾಡಿ ಬನ್ನಿ. ಎರಡು ದೊಡ್ಡ ಲೋಟ, ಅಂದರೆ ಸುಮಾರು ಅರ್ಧ ಲೀಟರ್ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಊಟವಾಗಿ ತುಂಬಾ ಹೊತ್ತಾಗಿದ್ದರೆ ಒಂದು ಬಟ್ಟಲು ಗಂಜಿಯನ್ನೋ ಬಾಳೆಹಣ್ಣನ್ನೋ ತಿನ್ನಿ. ಆಮೇಲೆ ಅಷ್ಟು ಹೊತ್ತು ಮಾಡುತ್ತಿದ್ದುದನ್ನು ಬದಲಿಸಿ: ನಿಂತಿದ್ದವರು ಎಡಗಡೆಗೆ ಮಲಗಿ, ಕೂತಿದ್ದವರು ಅಥವಾ ಮಲಗಿದ್ದವರು ಎದ್ದು ಮನೆಯೊಳಗೆ ನಿಧಾನ ನಡೆಯಿರಿ. ಸುಳ್ಳು ಬೇನೆ ಈ ಬದಲಾವಣೆಗೆ ಬಗ್ಗುತ್ತದೆ. ಹೆರಿಗೆಯ ಬೇನೆ ಬಗ್ಗುವುದಿಲ್ಲ, ನಡೆದರೆ ಇನ್ನೂ ಜೋರಾಗುವುದುಂಟು.

ಇದರ ಜೊತೆಗೆ ಬರೆದಿಡಬೇಕು. ನೆನಪಿನ ಮೇಲೆ ಬಿಟ್ಟರೆ "ಐದೈದು ನಿಮಿಷಕ್ಕೆ ಬರ್ತಾ ಉಂಟು" ಎಂದೇ ಎಲ್ಲರಿಗೂ ಅನಿಸುತ್ತದೆ. ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಒಂದು ಬಿಗಿತ ಮುಗಿದ ಹೊತ್ತಿನಿಂದ ಮುಂದಿನದು ಶುರುವಾಗುವವರೆಗೆ ಎಣಿಸುವುದು. ಎಣಿಸಬೇಕಾದ್ದು ಒಂದು ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗೆ. ಬಿಗಿತ ಎಷ್ಟು ಹೊತ್ತು ಇತ್ತು ಎನ್ನುವುದನ್ನು ಬೇರೆಯಾಗಿ ಪಕ್ಕದಲ್ಲಿ ಬರೆಯಬೇಕು. ಗಡಿಯಾರ ನೋಡಿ ಬರೆಯುವುದು ಗಂಡನ ಅಥವಾ ಅಮ್ಮನ ಕೆಲಸವಾಗಲಿ. ಬಸುರಿ "ಈಗ" ಮತ್ತು "ಹೋಯ್ತು" ಎಂದು ಹೇಳಿದರೆ ಸಾಕು.

ಒಬ್ಬರ ಚೀಟಿ ಹೀಗಿದೆ ಎಂದುಕೊಳ್ಳಿ: ರಾತ್ರಿ 9.05ಕ್ಕೆ 40 ಸೆಕೆಂಡು, 9.22ಕ್ಕೆ 70 ಸೆಕೆಂಡು, 9.30ಕ್ಕೆ 25 ಸೆಕೆಂಡು, 9.58ಕ್ಕೆ 40 ಸೆಕೆಂಡು. ನಡುವಿನ ಅಂತರ 17, 8, 28 ನಿಮಿಷ. ಲಯವಿಲ್ಲ, ಬಿಗಿತದ ಹೊತ್ತೂ ಏರಿಳಿಯುತ್ತಿದೆ. ಇದು ಸುಳ್ಳು ಬೇನೆ, ಮಲಗಿ ನಿದ್ದೆ ಮಾಡಬಹುದು. ಇನ್ನೊಬ್ಬರದು: 2.10ಕ್ಕೆ 40 ಸೆಕೆಂಡು, 2.19ಕ್ಕೆ 45, 2.27ಕ್ಕೆ 45, 2.34ಕ್ಕೆ 50, 2.40ಕ್ಕೆ 55, 2.46ಕ್ಕೆ 60. ಅಂತರ 9, 8, 7, 6, 6 ಎಂದು ಕುಗ್ಗುತ್ತಿದೆ, ಬೇನೆಯ ಹೊತ್ತು ಬೆಳೆಯುತ್ತಿದೆ. ಇವರು ಚೀಲ ತೆಗೆದಿಟ್ಟು ಆಸ್ಪತ್ರೆಗೆ ಫೋನ್ ಮಾಡಬೇಕು. ಚೀಟಿಗಳು ಇಷ್ಟು ಅಚ್ಚುಕಟ್ಟಾಗಿ ಬರದಿರಬಹುದು. ಒಟ್ಟಾರೆ ಓಟ ಯಾವ ಕಡೆಗೆ ಎಂದು ನೋಡಿ.

ನೋವಿನ ಜಾಗವೂ ಸುಳಿವು ಕೊಡುತ್ತದೆ. ಸುಳ್ಳು ಬೇನೆ ಹೆಚ್ಚಾಗಿ ಹೊಟ್ಟೆಯ ಮುಂಭಾಗದಲ್ಲೇ ಬಿಗಿದು ಅಲ್ಲೇ ಬಿಡುತ್ತದೆ. ಹೆರಿಗೆಯ ಬೇನೆ ಬಹಳ ಮಂದಿಗೆ ಸೊಂಟದ ಹಿಂದೆ ಶುರುವಾಗಿ ಸುತ್ತಿಕೊಂಡು ಮುಂದಕ್ಕೆ, ಕೆಳಹೊಟ್ಟೆಗೆ, ಕೆಲವೊಮ್ಮೆ ತೊಡೆಗೂ ಬರುತ್ತದೆ. ಎಲ್ಲರಿಗೂ ಹೀಗೇ ಎಂದು ಇಲ್ಲ, ಆದ್ದರಿಂದ ಜಾಗಕ್ಕಿಂತ ಚೀಟಿಯನ್ನೇ ಹೆಚ್ಚು ನಂಬಿ. ಬೇನೆಯ ನಡುವೆ ಮಾತು ಮುಂದುವರಿಸಲಾಗುತ್ತದೆಯೇ ಎನ್ನುವುದು ಇನ್ನೊಂದು ಒಳ್ಳೆಯ ಗುರುತು. ಹೆರಿಗೆಯ ಬೇನೆ ಬಲಿತಾಗ ವಾಕ್ಯದ ಮಧ್ಯೆ ಮಾತು ನಿಲ್ಲುತ್ತದೆ.

ಮೊದಲ ಹೆರಿಗೆಯಾಗಿ ಆಸ್ಪತ್ರೆ ಹತ್ತಿರದಲ್ಲಿದ್ದರೆ, 5 ನಿಮಿಷಕ್ಕೊಮ್ಮೆ, ಸುಮಾರು 1 ನಿಮಿಷ ಇರುವ ಬೇನೆ 1 ಗಂಟೆಯ ಕಾಲ ಬಂದಾಗ ಹೊರಡುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಎರಡನೇ ಹೆರಿಗೆಯವರು ಅಷ್ಟು ಕಾಯಬಾರದು. ಅವರಲ್ಲಿ ಬಾಯಿ ಬೇಗ ತೆರೆಯುತ್ತದೆ. ಏಳೆಂಟು ನಿಮಿಷಕ್ಕೊಮ್ಮೆ ಕ್ರಮವಾಗಿ ಬರತೊಡಗಿದಾಗಲೇ ಹೊರಡಬೇಕು. ಹಿಂದೆ ಸಿಸೇರಿಯನ್ ಆದವರು ಕ್ರಮವಾದ ಬೇನೆ ಎಂದು ಅನಿಸಿದ ಕೂಡಲೇ ಹೊರಡಬೇಕು, ಗಂಟೆಯ ಲೆಕ್ಕ ಅವರಿಗಿಲ್ಲ.

37 ವಾರಕ್ಕೆ ಮೊದಲು

ಹಿರಿಯರು ತಿಂಗಳಲ್ಲಿ ಎಣಿಸುತ್ತಾರೆ, ಆಸ್ಪತ್ರೆಯಲ್ಲಿ ವಾರದಲ್ಲಿ. "ಒಂಬತ್ತು ಬಿದ್ದಿದೆ" ಎಂಬ ಮಾತಿಗೆ 35 ವಾರವೂ ಅರ್ಥವಾದೀತು, 38 ವಾರವೂ ಆದೀತು. ತಾಯಿ ಕಾರ್ಡಿನಲ್ಲಿ ಹೆರಿಗೆಯ ಅಂದಾಜು ದಿನಾಂಕ ಬರೆದಿರುತ್ತಾರೆ. ಅದರಿಂದ 21 ದಿನ ಹಿಂದಕ್ಕೆ ಎಣಿಸಿ, ಸಿಕ್ಕ ದಿನಕ್ಕೆ 37 ವಾರ ತುಂಬುತ್ತದೆ. ಜೂನ್ 28 ಎಂದು ಬರೆದಿದ್ದರೆ ಜೂನ್ 7. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗುರುತು ಹಾಕಿಡಿ, ಮನೆಯವರಿಗೂ ಹೇಳಿಡಿ.

ಆ ಗುರುತಿಗೆ ಮೊದಲು ಬಿಗಿತ ಬಂದರೆ ನೀರು, ಮೂತ್ರ, ಎಡಮಗ್ಗುಲು ಎಲ್ಲವನ್ನೂ ಮಾಡಿ. ಗಂಟೆ ಪೂರ್ತಿಯಾಗಲೆಂದು ಕಾಯಬೇಡಿ. 20 ನಿಮಿಷದಲ್ಲಿ 4, ಅಥವಾ ಒಂದು ಗಂಟೆಯೊಳಗೆ 6 ಬಿಗಿತ ಆದರೆ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಮುಟ್ಟಿನ ಹೊಟ್ಟೆನೋವಿನಂಥ ಸೆಳೆತ ಬಂದು ಹೋಗುವುದು, ಸೊಂಟದಲ್ಲಿ ಮಂದವಾದ ನೋವು ಕೂತುಬಿಡುವುದು, ಕೆಳಗೆ ಮಗು ಒತ್ತಿದಂತಾಗುವುದು, ಬಿಳಿ ಹೋಗುವುದು ಇದ್ದಕ್ಕಿದ್ದಂತೆ ಹೆಚ್ಚಿ ನೀರಾಗುವುದು ಅಥವಾ ಕೆಂಪು ಬೆರೆಯುವುದು, ಇವುಗಳಲ್ಲಿ ಒಂದಿದ್ದರೂ ಎಣಿಸುವುದೇ ಬೇಡ.

ಈ ಅವಸರಕ್ಕೆ ಗಟ್ಟಿಯಾದ ಕಾರಣ ಇದೆ. 24ರಿಂದ 34 ವಾರದ ನಡುವೆ ಹೆರಿಗೆ ಆಗಿಬಿಡುವ ಸಂಭವ ಕಂಡರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ನಮ್ಮ ಸರಕಾರಿ ಕ್ರಮದಲ್ಲಿ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ.ನಂತೆ 12 ಗಂಟೆಗೊಂದು, ಒಟ್ಟು 4. ಅದು ಕೆಲಸ ಮಾಡಲು ಹೊತ್ತು ಬೇಕು. ಸಂಜೆ ಶುರುವಾದ ಬಿಗಿತಕ್ಕೆ ಬೆಳಗಿನವರೆಗೆ ಕಾದರೆ ಆ ಹೊತ್ತನ್ನು ಮಗುವಿನಿಂದ ಕಸಿದುಕೊಂಡಂತೆ. ಇಂಥ ಸಂದರ್ಭದಲ್ಲಿ ಪುಟ್ಟ ನರ್ಸಿಂಗ್ ಹೋಮಿಗಿಂತ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ನೇರವಾಗಿ ಹೋಗುವುದು ಒಳ್ಳೆಯದು. ಎಲ್ಲಿದೆ ಎಂದು ಮೊದಲೇ ನಿಮ್ಮ ಡಾಕ್ಟರಲ್ಲಿ ಕೇಳಿಟ್ಟುಕೊಳ್ಳಿ.

ಮನೆಯಲ್ಲಿ ತಾಳಿಕೊಳ್ಳುವುದು

ಸುಳ್ಳು ಬೇನೆಯೇ ಎಂದು ಗೊತ್ತಾದ ಮೇಲೂ ಅದು ಕಾಡುತ್ತದೆ, ರಾತ್ರಿಯಂತೂ ನಿದ್ದೆ ಕೆಡಿಸುತ್ತದೆ. ಮಲಗುವಾಗ ಮಗ್ಗುಲಾಗಿ, ಎರಡು ಮೊಣಕಾಲಿನ ನಡುವೆ ಒಂದು ದಿಂಬು, ಹೊಟ್ಟೆಯ ಅಡಿಗೆ ಮಡಚಿದ ಬೆಡ್‌ಶೀಟ್ ಅಥವಾ ತೆಳು ದಿಂಬು ಇಡಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನೆಲುಬಿನ ಬಲಪಕ್ಕದಲ್ಲಿರುವ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಎಡಮಗ್ಗುಲು ಹೇಳುವುದು ಅದಕ್ಕೇ. ನಡುರಾತ್ರಿ ಎಚ್ಚರವಾದಾಗ ಬಲಕ್ಕೆ ಹೊರಳಿದ್ದು ಕಂಡರೆ ಹೆದರಬೇಕಾಗಿಲ್ಲ.

ಬಿಗಿತ ಬಂದಾಗ ಉಸಿರು ಹಿಡಿಯುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಭುಜ, ತೊಡೆ, ಕೆಳಹೊಟ್ಟೆ ಎಲ್ಲ ಸೆಟೆದುಕೊಂಡು ನೋವು ಹೆಚ್ಚಾಗಿ ತೋರುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ತೆಗೆದುಕೊಂಡು, ಬಿಸಿ ಚಹಾಕ್ಕೆ ಊದುವಂತೆ ಬಾಯಿಯಿಂದ ಆರು ಎಣಿಸುವಷ್ಟು ಹೊತ್ತು ಬಿಡಿ. ದವಡೆ ಬಿಗಿಯಾಗಿದೆಯೇ ನೋಡಿಕೊಳ್ಳಿ, ಹಲ್ಲು ಕಚ್ಚಿರದಿದ್ದರೆ ಕೆಳಗಿನ ಸ್ನಾಯುಗಳೂ ಸಡಿಲವಾಗಿರುತ್ತವೆ. ಆರೇಳು ಉಸಿರಾಗುವಷ್ಟರಲ್ಲಿ ಬಿಗಿತ ಇಳಿಯುತ್ತದೆ. ಹೆರಿಗೆಯ ದಿನಕ್ಕೆ ಬೇಕಾದ ಅಭ್ಯಾಸವೂ ಇದೇ, ಸುಳ್ಳು ಬೇನೆಯ ದಿನಗಳಲ್ಲಿ ಕಲಿತಿಟ್ಟದ್ದು ಅಂದು ಕೈಕೊಡುವುದಿಲ್ಲ. ಹಗಲಿನಲ್ಲಿ ಅಡುಗೆ ಕಟ್ಟೆಗೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಾಗಿ ಸೊಂಟವನ್ನು ಮೆಲ್ಲಗೆ ಆಡಿಸಬಹುದು, ಅಥವಾ ಚಾಪೆಯ ಮೇಲೆ ಮಂಡಿಯೂರಿ ಕೈಯೂರಿ ನಿಲ್ಲಬಹುದು. ಹೊಟ್ಟೆಯ ಭಾರ ಮುಂದಕ್ಕೆ ತೂಗಿದಾಗ ಸೊಂಟಕ್ಕೆ ಬಿಡುವು ಸಿಗುತ್ತದೆ.

ಬಚ್ಚಲಿನ ಹಂಡೆಯ ಬಿಸಿನೀರು ಹಿತವೇ, ಆದರೆ ಬಾಣಂತಿಗೆ ಹಾಕುವಂತೆ ಸುಡುಸುಡು ಬೇಡ. ಮೊಣಕೈ ಅದ್ದಿದರೆ ಬೆಚ್ಚಗೆ ಅನಿಸುವಷ್ಟು ಸಾಕು, ಹತ್ತು ಹದಿನೈದು ನಿಮಿಷ, ಸೊಂಟದ ಮೇಲೆ ಹೆಚ್ಚು. ಮೈಯ ಉಷ್ಣತೆ ಏರಿಸುವ ಬಿಸಿ ಮಗುವಿಗೆ ಒಳ್ಳೆಯದಲ್ಲ, ನೆಲವೂ ಜಾರುತ್ತದೆ. ಬೆನ್ನಿಗೆ ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕಿಸಿಕೊಳ್ಳಬಹುದು. ಹೊಟ್ಟೆಯನ್ನು ನೀವುವುದು, ಮಗುವನ್ನು ಸರಿ ಕೂರಿಸುತ್ತೇನೆಂದು ಒತ್ತುವುದು ಬೇಡ. ಒತ್ತಿದರೆ ಗರ್ಭಕೋಶ ಇನ್ನಷ್ಟು ಬಿಗಿಯುತ್ತದೆ, ಮಾಸು ಕಳಚುವ ಅಪಾಯವೂ ಇದೆ.

ಬೇನೆ ನಿಜವೋ ಸುಳ್ಳೋ ತಿಳಿಯಲು ಜೀರಿಗೆ ಕಷಾಯ ಕೊಡುವುದು ಹಳೆಯ ರೂಢಿ: ಸುಳ್ಳಾದರೆ ಇಳಿಯುತ್ತದೆ, ನಿಜವಾದರೆ ಏರುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಾರೆ. ಒಂದು ಲೋಟ ಬೆಚ್ಚಗಿನ ದ್ರವ ಒಳಗೆ ಹೋಗುತ್ತದೆ, ಹೊಟ್ಟೆಯ ವಾಯು ಇಳಿಯುತ್ತದೆ, ಕುಡಿದು ಅರ್ಧ ಗಂಟೆ ಸುಮ್ಮನೆ ಕೂರುತ್ತಾರೆ. ಅದರ ಗುಣ ಇರುವುದು ಇಲ್ಲಿ. ಒಂದು ಚಮಚ ಜೀರಿಗೆ ಕುದಿಸಿದ ಒಂದು ಲೋಟ ಕುಡಿಯುವುದರಿಂದ ಹಾನಿಯಿಲ್ಲ. ಆದರೆ ಚೀಟಿಯ ಲೆಕ್ಕ ಹೊರಡಿ ಎನ್ನುತ್ತಿರುವಾಗ ಕಷಾಯದ ತೀರ್ಪಿಗೆ ಕಾಯಬಾರದು. ಬೇನೆ ಬರಲೆಂದು ಹರಳೆಣ್ಣೆ ಕುಡಿಸುವುದು ಮಾತ್ರ ಬೇಡವೇ ಬೇಡ. ಅದು ಭೇದಿ ತರಿಸಿ ಮೈಯ ನೀರು ಬತ್ತಿಸುತ್ತದೆ, ಗರ್ಭಕೋಶವನ್ನು ಹದ ತಪ್ಪಿ ಕೆರಳಿಸುತ್ತದೆ.

ಮೆಡಿಕಲ್ ಶಾಪಿನಲ್ಲಿ "ಹೊಟ್ಟೆನೋವಿಗೆ ಒಂದು ಮಾತ್ರೆ ಕೊಡಿ" ಎಂದು ಗಂಡ ಕೇಳಿ ತಂದದ್ದನ್ನು ನುಂಗಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆಗಳು 20 ವಾರದ ನಂತರ ಮಗುವಿನ ಕಿಡ್ನಿಗೆ, ಇನ್ನೂ ಮುಂದಕ್ಕೆ ಹೋದಂತೆ ಅದರ ಹೃದಯದ ಪಕ್ಕದ ರಕ್ತನಾಳಕ್ಕೆ ತೊಂದರೆ ಮಾಡಬಲ್ಲವು. ಮಾತ್ರೆ ಬೇಕೇ ಬೇಕೆನ್ನುವಷ್ಟು ನೋವಿದ್ದರೆ ಅದನ್ನು ಡಾಕ್ಟರೇ ನೋಡಬೇಕು.

ಹೊಟ್ಟೆ ಬಿಗಿಯದೆ, ಎದ್ದಾಗ ಅಥವಾ ಕೆಮ್ಮಿದಾಗ ತೊಡೆಯ ಸಂದಿಯಲ್ಲಿ ಚಳಕ್ ಎಂದು ಎಳೆದರೆ ಅದು ಗರ್ಭಕೋಶವನ್ನು ಹಿಡಿದಿರುವ ಕಟ್ಟು ಎಳೆದದ್ದು. ನಿಧಾನವಾಗಿ, ಮೊದಲು ಮಗ್ಗುಲಾಗಿ ಆಮೇಲೆ ಕೈಯೂರಿ ಎದ್ದರೆ ಕಡಿಮೆಯಾಗುತ್ತದೆ.

ಎಣಿಸುತ್ತಾ ಕೂರಬಾರದ ಲಕ್ಷಣಗಳು

ಹೊಟ್ಟೆ ಗಟ್ಟಿಯಾಗಿ ಮತ್ತೆ ಸಡಿಲವಾಗದೆ ಹಲಗೆಯಂತೆ ಹಾಗೇ ಉಳಿದರೆ, ಜೊತೆಗೆ ಬಿಡದ ನೋವಿದ್ದರೆ, ಮಾಸು ಒಳಗೇ ಕಳಚಿಕೊಂಡಿರಬಹುದು. ಹೊರಗೆ ರಕ್ತ ಕಾಣಲೇಬೇಕೆಂದಿಲ್ಲ. ಸುಳ್ಳು ಬೇನೆಯಾಗಲಿ ಹೆರಿಗೆ ಬೇನೆಯಾಗಲಿ ನಡುವೆ ಬಿಡುವು ಕೊಟ್ಟೇ ಕೊಡುತ್ತದೆ. ಬಿಡುವಿಲ್ಲದ ಬಿಗಿತ ಅಪಾಯದ್ದು. ಸಿಸೇರಿಯನ್‌ನ ಹಳೆಯ ಗಾಯದ ಜಾಗದಲ್ಲಿ ಬಿಡದೆ ನೋಯುವುದೂ ಅಷ್ಟೇ ತುರ್ತು. ಮುಟ್ಟಿನಂತೆ ರಕ್ತ ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಬಲಗಡೆ ನೋವು, ಮುಖ ಊದಿಕೊಳ್ಳುವುದು, ಚಳಿಜ್ವರ, ಇವಕ್ಕೂ ಕೂಡಲೇ ಹೊರಡಬೇಕು. ಕೊನೆಯ ದಿನಗಳಲ್ಲಿ ಸ್ವಲ್ಪ ರಕ್ತದ ಎಳೆ ಬೆರೆತ ಲೋಳೆ ಹೋಗುವುದು ಬೇರೆ, ಅದು ಬಾಯಿ ಸಡಿಲವಾಗುತ್ತಿರುವ ಸೂಚನೆ.

ನೀರು ಹೋಯಿತೋ ಮೂತ್ರ ಸೋರಿತೋ ತಿಳಿಯದಿದ್ದರೆ ಮೂತ್ರ ಮಾಡಿ ಬಂದು ಒಣಗಿದ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ಓಡಾಡಿ. ಮತ್ತೆ ಒದ್ದೆಯಾದರೆ, ಮೂತ್ರದ ವಾಸನೆ ಇಲ್ಲದಿದ್ದರೆ, ಬೇನೆ ಇಲ್ಲದಿದ್ದರೂ ಹೋಗಬೇಕು. ಪ್ಯಾಡನ್ನು ಕವರಿನಲ್ಲಿ ಜೊತೆಗೇ ತೆಗೆದುಕೊಂಡು ಹೋಗಿ ತೋರಿಸಿ. 37 ವಾರ ತುಂಬದವರು ಈ ಅರ್ಧ ಗಂಟೆಯನ್ನೂ ಕಾಯಬಾರದು. ನೀರು ಹಸಿರೋ ಕಂದೋ ಆಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ತಡಮಾಡಬಾರದು.

ಮಗುವಿನ ಆಟ ಕಡಿಮೆ ಅನಿಸಿದರೆ ಏನಾದರೂ ತಿಂದು ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ 10 ಸಲ ಅಲುಗದಿದ್ದರೆ ಹೊರಡಿ. ಪೂರಾ ನಿಂತಂತೆ ಅನಿಸಿದರೆ ಎರಡು ಗಂಟೆ ಕಾಯುವುದೂ ಬೇಡ. ದಿನ ತುಂಬಿದಾಗ ಮಗು ಆಡುವುದು ಕಡಿಮೆಯಾಗುತ್ತದೆ ಎಂಬ ಮಾತು ಮನೆಮನೆಯಲ್ಲಿದೆ, ಅದನ್ನು ನಂಬಬೇಡಿ. ಒದೆತದ ಬದಲು ಹೊರಳುವುದು ಹೆಚ್ಚಾಗಬಹುದು, ಆಟದ ಲೆಕ್ಕ ಇಳಿಯಬಾರದು.

ದಾರಿ, ಗಾಡಿ, ಆಸ್ಪತ್ರೆ

ಮೊದಲು ಹೇಳಿದ 5 ನಿಮಿಷದ ಲೆಕ್ಕ ಪೇಟೆಯವರಿಗೆ. ಸುಳ್ಯದಿಂದ ಮಂಗಳೂರಿಗೆ 80 ಕಿ.ಮೀ.ಗೂ ಹೆಚ್ಚು, ಕುಂದಾಪುರದಿಂದ ಉಡುಪಿಗೆ 40ರ ಹತ್ತಿರ. ಬೈಂದೂರು, ಬೆಳ್ತಂಗಡಿಯ ಒಳಗಿನ ಊರುಗಳವರಿಗೆ ಮುಖ್ಯರಸ್ತೆಗೆ ಬರುವುದೇ ಒಂದು ಪ್ರಯಾಣ. ದಾರಿಗೆ ಒಂದು ಗಂಟೆ ಬೇಕಾದವರು 10 ನಿಮಿಷಕ್ಕೊಮ್ಮೆ ಕ್ರಮವಾಗಿ ಬರತೊಡಗಿದಾಗಲೇ ಹೊರಡಬೇಕು. ಆಟಿ ತಿಂಗಳ ಮಳೆಗೆ ಮರ ಬಿದ್ದು ರಸ್ತೆ ಕಟ್ಟುವುದು, ಕರೆಂಟ್ ಹೋಗಿ ಫೋನ್ ಸತ್ತಿರುವುದು ಹೊಸದೇನಲ್ಲ. ಮಳೆಗಾಲದಲ್ಲಿ ದಿನ ತುಂಬುವವರು ಊರಿನ ಎರಡು ರಿಕ್ಷಾದವರ ನಂಬರನ್ನು ಗೋಡೆಯ ಮೇಲೆ ಬರೆದಿಡಿ, 108ನ್ನೂ ಬರೆದಿಡಿ. ಆಶಾ ಕಾರ್ಯಕರ್ತೆಗೆ ದಿನಾಂಕ ತಿಳಿದಿರಲಿ.

ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದ ಒಂದು ತೊಡಕು ಬರುತ್ತದೆ: ಅಷ್ಟು ದಿನ ನೋಡಿದ ಡಾಕ್ಟರು ಒಂದು ಊರಲ್ಲಿ, ಬೇನೆ ಬರುವುದು ಇನ್ನೊಂದು ಊರಲ್ಲಿ. ತವರಿಗೆ ಬಂದ ವಾರದಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಹೆಸರು ಬರೆಸಿ. ಪ್ರತಿ ತಿಂಗಳ 9ನೇ ತಾರೀಕಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅದಕ್ಕೆ ಒಳ್ಳೆಯ ದಿನ. ಮಂಗಳೂರಿನ ಲೇಡಿಗೋಷನ್‌ನಂಥ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಸಿಸೇರಿಯನ್‌ಗೆ ಹಣ ಕೊಡಬೇಕಾಗಿಲ್ಲ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ, ಆಧಾರ್, ಇವು ಒಂದೇ ಕವರಿನಲ್ಲಿ ಬಾಗಿಲ ಹತ್ತಿರ ಇರಲಿ.

ಫೋನ್ ಮಾಡುವಾಗ ಬಸುರಿಯೇ ಮಾತಾಡಿದರೆ ಒಳ್ಳೆಯದು, ಬೇನೆಯ ನಡುವೆ ಅವಳ ದನಿ ಕೇಳಿಯೇ ಲೇಬರ್ ವಾರ್ಡಿನ ಸಿಸ್ಟರಿಗೆ ಎಷ್ಟೋ ತಿಳಿಯುತ್ತದೆ. "ಸಿಸ್ಟರ್, 38 ವಾರ, ಮೊದಲನೆಯದು, ಒಂದು ಗಂಟೆಯಿಂದ ಆರು ನಿಮಿಷಕ್ಕೊಮ್ಮೆ, 50 ಸೆಕೆಂಡು ಇರ್ತದೆ, ನೀರು ಹೋಗಿಲ್ಲ, ಮಗು ಆಡ್ತಾ ಉಂಟು" ಎಂದರೆ ಅವರು ಕೇಳಬೇಕಾದ್ದೆಲ್ಲ ಬಂತು.

ಅಲ್ಲಿ ಹೊಟ್ಟೆಗೆ ಎರಡು ಪಟ್ಟಿ ಕಟ್ಟಿ ಸುಮಾರು 20 ನಿಮಿಷ ಮಗುವಿನ ಎದೆಬಡಿತವನ್ನೂ ಬಿಗಿತವನ್ನೂ ಕಾಗದದ ಮೇಲೆ ದಾಖಲಿಸುತ್ತಾರೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ಒಳಗಿನಿಂದ ಪರೀಕ್ಷಿಸುತ್ತಾರೆ. ಮಾಸು ಕೆಳಗಿರುವವರಿಗೆ ಆ ಪರೀಕ್ಷೆ ಮಾಡಬಾರದು, ಆದ್ದರಿಂದ ಸ್ಕ್ಯಾನಿಂಗ್‌ನಲ್ಲಿ ಹಾಗೆ ಬಂದಿದ್ದರೆ ಬಾಗಿಲಲ್ಲೇ ಹೇಳಿ. ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಬಾಯಿ ಬದಲಾಗಿರದಿದ್ದರೆ ಮನೆಗೆ ಕಳಿಸುತ್ತಾರೆ. 5 ಸೆಂ.ಮೀ. ತೆರೆದ ಮೇಲೆ ಹೆರಿಗೆ ವೇಗ ಹಿಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ. ಅದಕ್ಕಿಂತ ಮೊದಲಿನ ಹಂತಕ್ಕೆ ಮೊದಲ ಹೆರಿಗೆಯಲ್ಲಿ ಬಹಳ ಹೊತ್ತು ಹಿಡಿಯಬಹುದು. ಮನೆಗೆ ಕಳಿಸಿದ ರಾತ್ರಿಯೇ ನಿಜವಾದ ಬೇನೆ ಬರುವುದೂ ಉಂಟು. ಹಾಗಾಗಿ ಹೊರಡುವ ಮುನ್ನ "ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು" ಎಂದು ಕೇಳಿ ಬರೆದುಕೊಳ್ಳಿ. ಎರಡು ಸಲ ಹೋಗಿ ಬಂದದ್ದಕ್ಕೆ ಸಂಕೋಚಪಟ್ಟು ಮೂರನೆಯ ಸಲ ಮನೆಯಲ್ಲೇ ಉಳಿದು ಕಷ್ಟಕ್ಕೆ ಸಿಕ್ಕಬಾರದು. ಪ್ರತಿ ಸಲವೂ ಹೊಸದಾಗಿ ಮೂತ್ರ, ನೀರು, ಮಗ್ಗುಲು, ಚೀಟಿ ಎಂದು ಮೊದಲಿನಿಂದ ನೋಡಿ, ಚೀಟಿ ಹೊರಡಿ ಎಂದರೆ ಹೊರಡಿ.